ಸಹಪಾಠಿಗಳ ಸಮ್ಮಿಲನದ ಮನರಂಜನೆಯನ್ನು ಗುತ್ತಿಗೆಗೆ ಕೊಡಬೇಡಿ

ಮಾನ್ಯ ಸಂಪಾದಕರಿಗೆ,

ತಮ್ಮ ಪತ್ರಿಕೆಯ ಕಾಸರಗೋಡು ಪುಟದಲ್ಲಿ ವರ್ಷವಿಡೀ, ಅದರಲ್ಲೂ ಏಪ್ರಿಲ್–ಮೇ ತಿಂಗಳುಗಳಲ್ಲಿ ಮತ್ತು ಓಣಂ ರಜೆಯ ಆಸುಪಾಸಿನಲ್ಲಿ, ಹೈಸ್ಕೂಲು ಸಹಪಾಠಿಗಳ ಸಮ್ಮಿಲನದ ವರದಿಗಳು ಬರುತ್ತಿರುತ್ತವೆ. ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಹೀಗೆ ಕನ್ನಡ ಮಾಧ್ಯಮ ಶಾಲೆಯಿರುವ ಎಲ್ಲ ಕಡೆಗಳಿಂದಲೂ ಬರುತ್ತವೆ. ದೀಪ ಬೆಳಗಿಸಿದವರ, ಅಧ್ಯಕ್ಷತೆ ವಹಿಸಿದವರ, ಸ್ವಾಗತಿಸಿದವರ, ವಂದಿಸಿದವರ ಹೆಸರುಗಳೆಲ್ಲ ಮುಗಿದ ಮೇಲೆ ಕೊನೆಗೆ ಒಂದು ಸಾಲು ಇರುತ್ತದೆ: "ಬಳಿಕ ವಿವಿಧ ಮನರಂಜನಾ ಕಾರ್ಯಕ್ರಮಗಳು ಜರಗಿದವು." ಈ ಪತ್ರ ಆ ಒಂದು ಸಾಲಿನ ಕುರಿತಾದದ್ದು. ಪತ್ರ ಸ್ವಲ್ಪ ದೀರ್ಘವಾಗಿದೆ. ಆದರೂ ಈ ದಿನಗಳಲ್ಲಿ ಎಲ್ಲೋ ಒಂದು ಸಮಿತಿ ಸಮ್ಮಿಲನದ ತಯಾರಿಯಲ್ಲಿ ಕುಳಿತಿರಬಹುದು, ಅವರಿಗೆ ಉಪಯೋಗವಾಗಬಹುದು ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ನಾನು ಕುಂಬಳೆ–ಬದಿಯಡ್ಕ ಕಡೆಯ ಒಂದು ಹೈಸ್ಕೂಲಿನ ಕನ್ನಡ ಮಾಧ್ಯಮದಲ್ಲಿ ಓದಿ 1991ರ ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಬರೆದವಳು. ನಮ್ಮ ತರಗತಿಯವರು ಇದುವರೆಗೆ ಎರಡು ಬಾರಿ ಸೇರಿದ್ದೇವೆ. 25 ವರ್ಷ ತುಂಬಿದ ನೆನಪಿಗೆಂದು 2016ರಲ್ಲಿ ನಡೆದ ಮೊದಲ ಸಮ್ಮಿಲನಕ್ಕೆ ನಾನು ಅತಿಥಿಯಂತೆ ಹೋಗಿ ಬಂದೆ. ಎರಡನೆಯದು ಕಳೆದ ವರ್ಷ ಆಟಿ ತಿಂಗಳಿನಲ್ಲಿ, ಅಂದರೆ ಜುಲೈ–ಆಗಸ್ಟಿನ ಮಳೆಗಾಲದ ತುಳು ತಿಂಗಳಲ್ಲಿ, ನಡೆಯಿತು. ಅದರ ಮನರಂಜನೆಯ ಹೊಣೆಯನ್ನು ನನ್ನ ಮೇಲೂ ಇನ್ನು ಮೂವರ ಮೇಲೂ ಹೊರಿಸಲಾಗಿತ್ತು. ಎರಡರ ನಡುವಣ ವ್ಯತ್ಯಾಸವನ್ನು ಕಣ್ಣಾರೆ ಕಂಡ ಕಾರಣ, ಸಮ್ಮಿಲನದ ಮನರಂಜನೆಯನ್ನು ಹಣ ಕೊಟ್ಟು ಹೊರಗಿನವರಿಗೆ ವಹಿಸಬಾರದು, ಅದನ್ನು ಸಹಪಾಠಿಗಳೇ ಮಾಡಬೇಕು ಎಂದು ನಾನು ದೃಢವಾಗಿ ಹೇಳಬಲ್ಲೆ.

ಮೊದಲ ಸಮ್ಮಿಲನ ಒಂದು ಸಭಾಭವನದಲ್ಲಿ ನಡೆಯಿತು. ಹನ್ನೆರಡು ಗಂಟೆಯವರೆಗೆ ಭಾಷಣ, ಸನ್ಮಾನ, ಸ್ಮರಣಿಕೆ. ಆಮೇಲೆ ಹೊರಜಿಲ್ಲೆಯಿಂದ ಬಂದ ಆರ್ಕೆಸ್ಟ್ರಾ ತಂಡ ವೇದಿಕೆ ಹತ್ತಿತು. ಆಳೆತ್ತರದ ನಾಲ್ಕು ಧ್ವನಿಪೆಟ್ಟಿಗೆಗಳು ನಮ್ಮ ಮುಂದಿನ ಸಾಲಿನಿಂದ ಹತ್ತು ಹೆಜ್ಜೆ ದೂರದಲ್ಲಿದ್ದವು. ಇಪ್ಪತ್ತೈದು ವರ್ಷಗಳಿಂದ ಮುಖ ನೋಡದ ಗೆಳತಿ ಪಕ್ಕದ ಕುರ್ಚಿಯಲ್ಲಿದ್ದಳು. ಅವಳು ಏನೋ ಕೇಳಿದಳು, ನಾನು ಕಿವಿಯನ್ನು ಅವಳ ಬಾಯಿಯ ಬಳಿಗೆ ಒಯ್ದೆ, ಮತ್ತೂ ಕೇಳಿಸಲಿಲ್ಲ. ಕೊನೆಗೆ ಇಬ್ಬರೂ ಮುಗುಳ್ನಕ್ಕು ವೇದಿಕೆಯ ಕಡೆಗೆ ತಿರುಗಿದೆವು. ಸಭಾಭವನದ ತುಂಬ ಹಾಗೆಯೇ ಆಗುತ್ತಿತ್ತು. ಮಾತನಾಡಬೇಕೆಂದವರು ಒಬ್ಬೊಬ್ಬರಾಗಿ ಎದ್ದು ಹೊರಗೆ ಕೈತೊಳೆಯುವ ನಲ್ಲಿಗಳ ಬಳಿ ಹೋಗಿ ನಿಂತರು. ನಿಜವಾದ ಸಮ್ಮಿಲನ ನಡೆದದ್ದು ಆ ನಲ್ಲಿಗಳ ಬಳಿಯಲ್ಲಿ.

ನಮಗೆ ಕನ್ನಡ ಕಲಿಸಿದ ಮಾಷ್ಟ್ರು ಅಂದು ಮುಂದಿನ ಸಾಲಿನಲ್ಲಿದ್ದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಎರಡನೆಯ ಹಾಡು ಶುರುವಾದಾಗ ಅವರು ಕಿವಿಯಲ್ಲಿದ್ದ ಶ್ರವಣಸಾಧನವನ್ನು ಮೆಲ್ಲನೆ ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಜುಬ್ಬಾದ ಜೇಬಿಗೆ ಹಾಕಿಕೊಂಡರು. ಅನಂತರ ಊಟದವರೆಗೂ ಕೈಕಟ್ಟಿ ಕುಳಿತೇ ಇದ್ದರು. ಹತ್ತಿರ ಹೋಗಿ ಹೆಸರು ಹೇಳಿಕೊಂಡವರಿಗೆಲ್ಲ ತಲೆಯಾಡಿಸಿದರು. ಯಾರ ಹೆಸರೂ ಅವರಿಗೆ ಕೇಳಿಸಿರಲಿಲ್ಲ. ಅವರನ್ನು ಕಾರಿನಲ್ಲಿ ಕರೆತಂದು ಶಾಲು ಹೊದೆಸಿದ ನಾವು ಅವರೊಡನೆ ಒಂದು ಮಾತನ್ನೂ ಆಡದೆ ಕಳುಹಿಸಿದೆವು. ಇದು ನನಗೆ ಇಂದಿಗೂ ನೋವಿನ ಸಂಗತಿ.

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಹೆಚ್ಚು ಕಂಪನಾಂಕದ, ಅಂದರೆ ಕೀರಲು ದನಿಗಳ, ಗ್ರಹಣಶಕ್ತಿಯನ್ನು. ಸ, ಶ, ತ, ಫ ಮುಂತಾದ ವ್ಯಂಜನಗಳು ಒಂದರಂತೆ ಒಂದು ಕೇಳಿಸತೊಡಗುತ್ತವೆ. ಸದ್ದಿಲ್ಲದ ಕೋಣೆಯಲ್ಲಿ ಸರಿಯಾಗಿ ಮಾತನಾಡಬಲ್ಲ ಹಿರಿಯರು ಗದ್ದಲದ ನಡುವೆ ಒಂದು ವಾಕ್ಯವನ್ನೂ ಹಿಡಿಯಲಾರರು, ಏಕೆಂದರೆ ಶ್ರವಣಸಾಧನವು ಮಾತಿನ ಜೊತೆಗೆ ಗದ್ದಲವನ್ನೂ ದೊಡ್ಡದು ಮಾಡಿ ಕಿವಿಗೆ ತುಂಬುತ್ತದೆ. ಸಮ್ಮಿಲನಕ್ಕೆ ಬರುವ ಅಧ್ಯಾಪಕರಲ್ಲಿ ಹೆಚ್ಚಿನವರು ಈ ವಯಸ್ಸಿನವರೇ. ಐವತ್ತರ ಅಂಚಿನಲ್ಲಿರುವ ನಮ್ಮಲ್ಲೂ ಕೆಲವರಿಗೆ ಆ ತೊಂದರೆ ಆರಂಭವಾಗಿದೆ, ಹೇಳಿಕೊಳ್ಳುವುದಿಲ್ಲ ಅಷ್ಟೇ. ಕಾನೂನೂ ಈ ವಿಷಯದಲ್ಲಿ ಸುಮ್ಮನಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ಆಸ್ಪತ್ರೆ, ನ್ಯಾಯಾಲಯಗಳಂತೆ ಶಾಲೆಯ ಸುತ್ತಲೂ ಕನಿಷ್ಠ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅವಕಾಶವಿದೆ. ನಾವು ಓದುವಾಗ ಗದ್ದಲ ಮಾಡಬೇಡಿ ಎಂದು ಹೇಳಿಸಿಕೊಂಡ ಅಂಗಳದಲ್ಲೇ ಇಂದು ಡಿಜೆ ಪೆಟ್ಟಿಗೆಗಳನ್ನು ಇಳಿಸುವುದು ನನಗೆ ಸರಿಯೆಂದು ಕಾಣುವುದಿಲ್ಲ.

ಅದೇ ದಿನ ಇನ್ನೊಂದು ಪ್ರಸಂಗ ನಡೆಯಿತು. ಆರ್ಕೆಸ್ಟ್ರಾದ ಜೊತೆಗೆ ಒಬ್ಬ ನಿರೂಪಕನೂ ಬಂದಿದ್ದ. ಜನರನ್ನು ನಗಿಸುವುದು ಅವನ ಕಸುಬು. ಹಾಡುಗಳ ನಡುವೆ ಯಾರನ್ನಾದರೂ ವೇದಿಕೆಗೆ ಕರೆದು ಜೋಡಿ ನೃತ್ಯ ಮಾಡಿಸುವುದು, ಗಂಡ–ಹೆಂಡತಿಯ ಹಾಸ್ಯದ ಪ್ರಶ್ನೆ ಕೇಳುವುದು ಅವನ ರೂಢಿ. ಅವನು ಕೈತೋರಿ ಕರೆದದ್ದು ಆ ಸಮಯಕ್ಕೆ ಎಂಟು ತಿಂಗಳ ಹಿಂದೆ ಪತಿಯನ್ನು ಕಳೆದುಕೊಂಡಿದ್ದ ನಮ್ಮ ಗೆಳತಿಯನ್ನು. "ಅಕ್ಕನ ಯಜಮಾನರು ಎಲ್ಲಿದ್ದಾರೆ, ಕೈ ಎತ್ತಲಿ" ಎಂದು ಮೈಕಿನಲ್ಲಿ ಎರಡು ಸಲ ಕೇಳಿದ. ನಾವೆಲ್ಲ ಕಲ್ಲಾಗಿ ಕುಳಿತೆವು. ಅವಳು ಎದ್ದು ಹೋದಳು, ಊಟಕ್ಕೂ ನಿಲ್ಲಲಿಲ್ಲ. ಆ ಯುವಕನನ್ನು ನಾನು ದೂರುವುದಿಲ್ಲ. ಅವನಿಗೆ ನಮ್ಮಲ್ಲಿ ಒಬ್ಬರ ಪರಿಚಯವೂ ಇರಲಿಲ್ಲ. ಪರಿಚಯವಿಲ್ಲದವನ ಕೈಗೆ ನಮ್ಮ ದಿನವನ್ನು ಕೊಟ್ಟವರು ನಾವು.

ಹೀಗೇಕೆ ಆಗುತ್ತದೆ ಎಂಬುದನ್ನು ಎರಡನೆಯ ಬಾರಿ ಸಮಿತಿಯಲ್ಲಿ ಕುಳಿತ ಮೇಲೆ ತಿಳಿದೆ. ಸಮಿತಿಯವರ ಗಮನವೆಲ್ಲ ಊಟ, ಆಮಂತ್ರಣ, ಬ್ಯಾನರು, ಸ್ಮರಣಿಕೆಗಳ ಕಡೆಗೆ ಹರಿಯುತ್ತದೆ. ಪಾಯಸ ಒಂದೋ ಎರಡೋ ಎಂಬುದರ ಮೇಲೆ ಎರಡು ಸಭೆಗಳು ನಡೆಯುತ್ತವೆ. ಮನರಂಜನೆಯ ವಿಷಯ ಕೊನೆಯ ವಾರಕ್ಕೆ ಉಳಿಯುತ್ತದೆ, ಆಗ "ಜನರಿಗೆ ಬೇಜಾರಾಗಬಾರದಲ್ಲ" ಎಂದು ಯಾರೋ ಹೇಳುತ್ತಾರೆ, ಇನ್ನೊಬ್ಬರು ಪರಿಚಯದ ತಂಡಕ್ಕೆ ಫೋನು ಮಾಡುತ್ತಾರೆ, ಮುಂಗಡ ಕೊಟ್ಟು ನಿರಾಳರಾಗುತ್ತಾರೆ. ಇಡೀ ಸಮ್ಮಿಲನದ ಅರ್ಧ ಹೊತ್ತು ಹಿಡಿಯುವ ಭಾಗ ಐದು ನಿಮಿಷದಲ್ಲಿ ನಿರ್ಧಾರವಾಗುವುದು ಹೀಗೆ.

ನಾವು ನಾಲ್ವರು ಮೂರು ತಿಂಗಳು ಮೊದಲೇ ಕೆಲಸಕ್ಕೆ ತೊಡಗಿದೆವು. ವಾಟ್ಸಾಪ್ ಬಳಗದಲ್ಲಿ "ಕಾರ್ಯಕ್ರಮ ಕೊಡುವವರು ಹೆಸರು ಕೊಡಿ" ಎಂದು ಹಾಕಿದರೆ ಯಾವಾಗಲೂ ಮುಂದೆ ಬರುವ ಐದಾರು ಮಂದಿಯೇ ಬರುತ್ತಾರೆ, ಉಳಿದವರು ಹೆಬ್ಬೆರಳಿನ ಚಿತ್ರ ಹಾಕಿ ಸುಮ್ಮನಾಗುತ್ತಾರೆ. ಆದ್ದರಿಂದ ಹೆಸರುಗಳನ್ನು ಹಂಚಿಕೊಂಡು ಒಬ್ಬೊಬ್ಬರಿಗೂ ಫೋನು ಮಾಡಿದೆವು. ಸ್ಮಾರ್ಟ್ ಫೋನಿಲ್ಲದ ಇಬ್ಬರ ಮನೆಗೆ ಹೋದೆವು. ಕೇಳಿದ್ದು ಒಂದೇ ಪ್ರಶ್ನೆ: "ಆಗ ಏನು ಮಾಡುತ್ತಿದ್ದೆ ಎಂದು ನಿನಗೆ ನೆನಪಿದೆ?" ಬಂದ ಉತ್ತರಗಳು ನಮ್ಮನ್ನು ಬೆರಗಾಗಿಸಿದವು. ಅಡಿಕೆ ಸುಲಿಯುವ ಕೆಲಸ ಮಾಡುವ ಒಬ್ಬ, ತಾನು ಶುಕ್ರವಾರದ ಸಭೆಯಲ್ಲಿ ಯಾವಾಗಲೂ ಪ್ರಾರ್ಥನೆ ಹಾಡುತ್ತಿದ್ದೆ ಎಂದ, ನಮಗೆ ಮರೆತೇಹೋಗಿತ್ತು. ಪುತ್ತೂರಿಗೆ ಮದುವೆಯಾಗಿ ಹೋದ ಒಬ್ಬಳು ಹಗ್ಗದಾಟದಲ್ಲಿ ತನ್ನನ್ನು ಸೋಲಿಸಿದವರಿರಲಿಲ್ಲ ಎಂದಳು. ಗಲ್ಫಿನಲ್ಲಿ ಲಾರಿ ಓಡಿಸುವವನು ಬ್ಯಾರಿ ಭಾಷೆಯಲ್ಲಿ ಅಜ್ಜಿ ಹೇಳುತ್ತಿದ್ದ ಕಥೆಗಳು ಬರುತ್ತವೆ ಎಂದ. ಕಾರ್ಯಕ್ರಮದ ಪಟ್ಟಿ ಆ ಫೋನು ಕರೆಗಳಿಂದ ತಾನಾಗಿಯೇ ಬೆಳೆಯಿತು.

ದಿನಾಂಕದ ಬಗ್ಗೆ ಒಂದು ಮಾತು. ಗಲ್ಫಿನಲ್ಲಿ ಸಂಸಾರ ಸಮೇತ ಇರುವವರು ಮಕ್ಕಳ ಶಾಲಾರಜೆಯನ್ನು ಅನುಸರಿಸಿ ಜುಲೈ–ಆಗಸ್ಟಿನಲ್ಲಿ ಊರಿಗೆ ಬರುತ್ತಾರೆ. ಏಪ್ರಿಲ್–ಮೇಯಲ್ಲಿ ಮದುವೆ, ಕೋಲ, ಯಕ್ಷಗಾನ ಬಯಲಾಟ ಎಂದು ಊರಿನವರಿಗೇ ಪುರುಸೊತ್ತಿಲ್ಲ. ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಎಲ್ಲರೂ ಮನೆಯಲ್ಲಿ ಸಿಗುತ್ತಾರೆ. ನಾವು ಆಟಿಯ ಒಂದು ಭಾನುವಾರವನ್ನು ಆರಿಸಿಕೊಂಡೆವು. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಶಾಲೆಯ ಹಳೆಯ ಹಂಚಿನ ಕಟ್ಟಡದಲ್ಲೇ ಸೇರಿದೆವು. ಮಳೆಯಿದ್ದುದರಿಂದ ಅಂಗಳದ ಆಟಗಳನ್ನು ಕೈಬಿಡಬೇಕಾಯಿತು, ಹಗ್ಗಜಗ್ಗಾಟ ತಪ್ಪಿತೆಂದು ಕೆಲವರಿಗೆ ಬೇಸರವಾದುದೂ ನಿಜ. ದೂರದಿಂದ ಬರುವ ಹೆಂಗಸರು ಸಂಜೆಯ ಬಸ್ಸು ಹಿಡಿಯಬೇಕು ಎಂಬುದನ್ನು ಮೊದಲೇ ಲೆಕ್ಕಹಾಕಿ, ಮೂರೂವರೆಗೆ ಚಹಾ ಕೊಟ್ಟು ಮುಗಿಸುವುದೆಂದು ನಿಶ್ಚಯಿಸಿದೆವು. ಮೊದಲ ಬಾರಿ ರಾತ್ರಿ ಎಂಟರವರೆಗೆ ನಡೆದ ಕಾರ್ಯಕ್ರಮದಲ್ಲಿ ನಾಲ್ಕು ಗಂಟೆಯ ಮೇಲೆ ಒಬ್ಬ ಹೆಂಗಸೂ ಉಳಿದಿರಲಿಲ್ಲ.

ಇನ್ನು ಭಾಷೆಯ ವಿಷಯ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ಭಾಷಣಗಳಲ್ಲಿ ಹೇಳುತ್ತೇವೆ. ನಮ್ಮ ತರಗತಿಯೇ ಹಾಗಿತ್ತು: ಮನೆಯಲ್ಲಿ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಕನ್ನಡ ಆಡುವವರೆಲ್ಲ ಒಂದೇ ಬೆಂಚಿನಲ್ಲಿ ಕುಳಿತು ಶಾಲೆಯ ಕನ್ನಡವನ್ನು ಒಟ್ಟಿಗೆ ಕಲಿತವರು. ಆರ್ಕೆಸ್ಟ್ರಾದವರಿಗೆ ಇದು ಹೇಗೆ ಗೊತ್ತಿರಬೇಕು? ಅವರ ಹಾಡುಗಳು ಯಾವ ಊರಿನ ಸಭಾಭವನದಲ್ಲೂ ನಡೆಯುವಂಥವು. ನಾವು ಒಗಟಿನ ಆಟವೊಂದನ್ನು ಇಟ್ಟುಕೊಂಡೆವು. ಪ್ರತಿಯೊಬ್ಬರೂ ತಮ್ಮ ಮನೆಮಾತಿನ ಒಗಟನ್ನು ಆ ಭಾಷೆಯಲ್ಲೇ ಹೇಳಬೇಕು. ಬೇರೆ ಮನೆಮಾತಿನವರು ಬಿಡಿಸಬೇಕು. ತಿಳಿಯದಿದ್ದರೆ ಪದದ ಅರ್ಥ ಕೇಳಬಹುದು, ಒಗಟಿನ ಉತ್ತರ ಕೇಳುವಂತಿಲ್ಲ. ಕನ್ನಡದಲ್ಲಿ ಒಗಟು, ತುಳುವಿನಲ್ಲಿ ಎದುರುಕತೆ, ಮಲಯಾಳದಲ್ಲಿ ಕಡಂಕಥ. ಇದನ್ನು ಬೇಕೆಂದೇ ಊಟದ ಹೊತ್ತಿಗೆ ಇಟ್ಟಿದ್ದೆವು. ಎಲೆಯ ಮುಂದೆ ಕುಳಿತು ಒಬ್ಬಳು "ಞೆಟ್ಟಿಲ್ಲಾ ವಟ್ಟಯಿಲ" ಎಂದಳು, ಅಂದರೆ ತೊಟ್ಟಿಲ್ಲದ ದುಂಡನೆಯ ಎಲೆ. ಎದುರಿನ ಸಾಲಿನವರು ತಾವರೆ ಎಂದರು, ವೀಳ್ಯದೆಲೆ ಎಂದರು, ಕೆಸುವೂ ಬಂತು. ಅಷ್ಟರಲ್ಲಿ ಬಡಿಸುತ್ತಿದ್ದ ಗೆಳೆಯ ಒಬ್ಬೊಬ್ಬರ ಎಲೆಯ ಮೂಲೆಗೂ ಹಪ್ಪಳ ಇಡುತ್ತಾ ಬಂದ. ಉತ್ತರ ಅದೇ ಆಗಿತ್ತು. ಹಪ್ಪಳವನ್ನು ಕೈಯಲ್ಲಿ ಹಿಡಿದುಕೊಂಡೇ ಉತ್ತರಕ್ಕೆ ತಡಕಾಡುತ್ತಿದ್ದವನ ಕಡೆ ಇಡೀ ಪಂಕ್ತಿ ತಿರುಗಿ ನಕ್ಕಿತು. ಮೈಕು ಇರಲಿಲ್ಲ, ವೇದಿಕೆ ಇರಲಿಲ್ಲ, ಒಂದು ರೂಪಾಯಿಯೂ ಖರ್ಚಾಗಿರಲಿಲ್ಲ.

ಚೆನ್ನೆಮಣೆಯನ್ನು ಮೂರು ಮನೆಗಳಿಂದ ತಂದಿದ್ದೆವು. ಆಟಿಯ ಮಳೆಯಲ್ಲಿ ಆಡುವ ಆಟವಾದ್ದರಿಂದ ಕಾಲಕ್ಕೂ ಒಪ್ಪುತ್ತಿತ್ತು. ಏಳೇಳು ಗುಳಿಗಳ ಎರಡು ಸಾಲು, ಗುಳಿಗೆ ನಾಲ್ಕರಂತೆ 56 ಕಾಯಿ. ಹೆಚ್ಚಿನವರಿಗೆ ಆಟ ಮರೆತಿತ್ತು. ಕಲಿಸಲು ಕುಳಿತವಳು, ಹಿಂದಿನ ಬಾರಿ ಅರ್ಧದಲ್ಲೇ ಎದ್ದು ಹೋಗಿದ್ದ ಆ ಗೆಳತಿ. ಅವಳನ್ನು ಬರುವಂತೆ ಒಪ್ಪಿಸಲು ನಾನು ಮೂರು ಸಲ ಅವಳ ಮನೆಗೆ ಹೋಗಿದ್ದೆ. ಯಾರೂ ತನ್ನನ್ನು ಮುಂದೆ ಕರೆಯಬಾರದು ಎಂಬುದು ಅವಳ ಒಂದೇ ಷರತ್ತಾಗಿತ್ತು. ಕಿಟಕಿಯ ಪಕ್ಕ ನೆಲದಲ್ಲಿ ಚಾಪೆ ಹಾಸಿ, ಎದುರಿಗೆ ಬಂದು ಕುಳಿತವರಿಗೆಲ್ಲ ಗುಳಿಯಿಂದ ಗುಳಿಗೆ ಕಾಯಿ ಹಂಚುವುದನ್ನು ತೋರಿಸಿಕೊಡುತ್ತಾ ಅವಳು ಸಂಜೆಯವರೆಗೂ ಅಲ್ಲೇ ಇದ್ದಳು. ಇಬ್ಬರಿಬ್ಬರೇ ಆಡುವ ಆಟದಲ್ಲಿ ಮಾತಿಗೆ ಬೇಕಾದಷ್ಟು ಬಿಡುವಿರುತ್ತದೆ. ವೇದಿಕೆ ಹತ್ತಲು ಇಷ್ಟವಿಲ್ಲದವರಿಗೂ ಒಂದು ಜಾಗ ಇರಬೇಕು ಎಂಬುದನ್ನು ಮನರಂಜನೆಯ ಯೋಜನೆ ಮಾಡುವವರು ಮೊದಲೇ ಯೋಚಿಸಬೇಕು.

ಅಂದಿನ ಮುಖ್ಯ ಕಾರ್ಯಕ್ರಮ ತಾಳಮದ್ದಳೆ, ಅಂದರೆ ಭಾಗವತರು ಪದ್ಯ ಹಾಡಿದಂತೆ ಅರ್ಥಧಾರಿಗಳು ಕುಳಿತಲ್ಲೇ ಪಾತ್ರಗಳಾಗಿ ಮಾತನಾಡುವ ಯಕ್ಷಗಾನ. ಕುಂಬಳೆ ಸೀಮೆ ಯಕ್ಷಗಾನ ಕವಿ ಪಾರ್ತಿಸುಬ್ಬನ ನೆಲ; ಇಲ್ಲಿಯ ಯಾವ ತರಗತಿಯನ್ನು ತೆಗೆದುಕೊಂಡರೂ ಅದರಲ್ಲಿ ಒಬ್ಬ ಭಾಗವತಿಕೆ ಬಲ್ಲವನು, ಒಬ್ಬ ಮದ್ದಳೆ ಬಾರಿಸುವವನು, ಅರ್ಥ ಹೇಳಬಲ್ಲ ಮೂರು ಜನ ಸಿಗುತ್ತಾರೆ. ವೇಷ ಬೇಡ, ರಂಗಸ್ಥಳ ಬೇಡ. ಎರಡು ಬೆಂಚುಗಳನ್ನು ಎದುರುಬದುರು ಇಟ್ಟು, ನಡುವೆ ಹಿಮ್ಮೇಳದವರಿಗೆ ಚಾಪೆ ಹಾಸಿದರೆ ಆಯಿತು. ವಾಲಿಯ ವಧೆಯ ಭಾಗವನ್ನು ಆರಿಸಿಕೊಂಡೆವು. ಬ್ಯಾಂಕಿನಲ್ಲಿ ಕೆಲಸ ಮಾಡುವವನು ರಾಮ, ಸಾಗುವಳಿ ಮಾಡುವವನು ವಾಲಿ. ತಾರೆಯ ಅರ್ಥ ಹೇಳಿದವಳು ಊರಿನ ಮಹಿಳಾ ತಾಳಮದ್ದಳೆ ಸಂಘದಲ್ಲಿ ಪಳಗಿದವಳು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ ಎಂದು ವಾಲಿ ಕೇಳುವ ಘಟ್ಟ ಬಂದಾಗ, ಅರ್ಥಧಾರಿಯು ಒಂಬತ್ತನೆಯ ತರಗತಿಯಲ್ಲಿ ಹಿಂದಿನ ಬೆಂಚಿನ ಮರೆಯಿಂದ ತನಗೆ ಸೀಮೆಸುಣ್ಣ ಎಸೆದವರನ್ನೂ ಸೇರಿಸಿ ಕೇಳಿದ. ರಾಮನಾಗಿದ್ದವನಿಗೆ ಉತ್ತರ ಹೊಳೆಯಲು ಸ್ವಲ್ಪ ಹೊತ್ತೇ ಹಿಡಿಯಿತು. ತಾಳಮದ್ದಳೆಯ ಸೊಗಸೇ ಇದು; ಪದ್ಯ ಹಳೆಯದು, ಅರ್ಥ ಆ ಕ್ಷಣದ್ದು, ಮತ್ತು ಆ ಕ್ಷಣದಲ್ಲಿ ಕುಳಿತವರೆಲ್ಲರ ನೆನಪು ಅದಕ್ಕೆ ಸರಕಾಗುತ್ತದೆ. ಹಣ ಕೊಟ್ಟು ಕರೆಸಿದ ಯಾವ ತಂಡಕ್ಕೂ ಇದು ಸಾಧ್ಯವಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು: ಅರ್ಥಧಾರಿಗಳಿಗೆ ಹೊತ್ತಿನ ಪರಿವೆ ಇರುವುದಿಲ್ಲ. ಒಂದು ಗಂಟೆ ಎಂದು ಮೊದಲೇ ಹೇಳಿ, ನಿಲ್ಲಿಸುವ ಅಧಿಕಾರವನ್ನು ಭಾಗವತರಿಗೆ ಕೊಟ್ಟುಬಿಡಬೇಕು.

ಕನ್ನಡ ಮಾಷ್ಟ್ರು ಎರಡನೆಯ ಬಾರಿಯೂ ಬಂದರು. ಈ ಸಲ ಶಾಲು, ಹಾರ, ಫಲಕಗಳನ್ನು ಐದೇ ನಿಮಿಷಕ್ಕೆ ಮುಗಿಸಿ, ನಾವೆಲ್ಲ ಹತ್ತನೆಯ ತರಗತಿಯ ಕೋಣೆಯಲ್ಲಿ ಬೆಂಚುಗಳ ಮೇಲೆ ಕುಳಿತೆವು. ಇಪ್ಪತ್ತು ನಿಮಿಷದ ಒಂದು ಪಾಠ ಮಾಡಿ ಎಂದು ಮೊದಲೇ ಅವರನ್ನು ಕೇಳಿಕೊಂಡಿದ್ದೆವು. ಕೋಣೆ ಚಿಕ್ಕದು, ಹೊರಗೆ ಮಳೆ ಬಿಟ್ಟರೆ ಬೇರೆ ಸದ್ದಿಲ್ಲ, ಶ್ರವಣಸಾಧನ ಅವರ ಕಿವಿಯಲ್ಲೇ ಇತ್ತು. ಅವರು ಕರಿಹಲಗೆಯ ಮೇಲೆ ಭಾಮಿನಿ ಷಟ್ಪದಿಯ ಒಂದು ಪದ್ಯ ಬರೆದು, ಪ್ರಸ್ತಾರ ಹಾಕಿ ಗಣ ವಿಂಗಡಿಸಿ ಎಂದರು. ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ ಮೂರು–ನಾಲ್ಕು ಮೂರು–ನಾಲ್ಕರಂತೆ 14 ಮಾತ್ರೆ. ಮೂರು ಮತ್ತು ಆರನೆಯ ಪಾದಗಳಲ್ಲಿ ಆ ಮೂರು–ನಾಲ್ಕು ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು 23. ಇದನ್ನು ನಾವು ಒಮ್ಮೆ ಬಾಯಿಪಾಠ ಮಾಡಿದ್ದೆವು. ಹಲಗೆಯ ಬಳಿಗೆ ಹೋದ ಗೆಳೆಯ ಟೆಂಪೊ ಚಾಲಕ, ಎಸ್ಸೆಸ್ಸೆಲ್ಸಿಯೊಂದಿಗೇ ಓದು ನಿಲ್ಲಿಸಿದವನು. ಸೀಮೆಸುಣ್ಣ ಹಿಡಿದು ಲಘುವಿಗೆ ಕೊಕ್ಕೆ, ಗುರುವಿಗೆ ಗೆರೆ ಹಾಕುತ್ತಾ ಹೋದ. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುತ್ತದೆ ಎಂಬುದನ್ನು ಒಂದು ಕಡೆ ಮರೆತ. ಮಾಷ್ಟ್ರು ಏನೂ ಹೇಳಲಿಲ್ಲ, ಬೆತ್ತದಂತೆ ಹಿಡಿದಿದ್ದ ಊರುಗೋಲಿನ ತುದಿಯಿಂದ ಆ ಅಕ್ಷರವನ್ನು ಮೆಲ್ಲನೆ ತಟ್ಟಿದರು. ಅವನು ಕೊಕ್ಕೆಯನ್ನು ಬೆರಳಿನಿಂದ ಒರಸಿ ಗೆರೆ ಎಳೆದ. ಇಡೀ ತರಗತಿ ಚಪ್ಪಾಳೆ ತಟ್ಟಿತು. ಅಂದು ಮಾಷ್ಟ್ರು ಪ್ರತಿಯೊಬ್ಬರ ಹೆಸರನ್ನೂ ಕೇಳಿ, ಮನೆಯ ಹೆಸರು ಸೇರಿಸಿ ಹೇಳಿದರು.

ಏನನ್ನು ಬಿಡಬೇಕು ಎಂಬುದರ ಬಗ್ಗೆಯೂ ನಮ್ಮಲ್ಲಿ ಚರ್ಚೆ ಆಯಿತು. ಅಡ್ಡಹೆಸರುಗಳ ಆಟ ಬೇಡವೆಂದು ನಾನು ಹಟ ಹಿಡಿದೆ. ಹದಿನೈದನೆಯ ವಯಸ್ಸಿನಲ್ಲಿ ಒಬ್ಬನ ತೊದಲು, ಒಬ್ಬಳ ಮೈಬಣ್ಣ, ಒಬ್ಬನ ಹರಿದ ಅಂಗಿಯಿಂದ ಹುಟ್ಟಿದ ಹೆಸರುಗಳು ನಗುವವರಿಗೆ ಮಾತ್ರ ಸಿಹಿ. "ಯಾರು ಏನಾದರು" ಎಂದು ಉದ್ಯೋಗ ಹೇಳಿಸುವ ಕಾರ್ಯಕ್ರಮವನ್ನೂ ಕೈಬಿಟ್ಟೆವು. ಆಗ ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ 600, ಉತ್ತೀರ್ಣರಾಗಲು 210 ಬೇಕಿತ್ತು. ಆ 210 ದಾಟದವರು ನಮ್ಮಲ್ಲಿ ಹಲವರಿದ್ದರು. ಅವರಲ್ಲಿ ಕೆಲವರು ಮೊದಲ ಸಮ್ಮಿಲನಕ್ಕೆ ಬಾರದೆ ಉಳಿದದ್ದು ಈ ಸಂಕೋಚದಿಂದಲೇ ಎಂದು ಫೋನು ಮಾಡಿದಾಗ ತಿಳಿಯಿತು. ಹಳೆಯ ತರಗತಿ ಚಿತ್ರವನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದೆವು. ಅದನ್ನು ತೆಗೆಸಿದ ದಿನ ಹಣವಿಲ್ಲದೆ ಪ್ರತಿ ಕೊಳ್ಳದವರು ಇದ್ದರು, ಅವರಿಗೆಲ್ಲ ಒಂದೊಂದು ಪ್ರತಿ ಮಾಡಿಸಿ ಕೊಟ್ಟೆವು. ತೀರಿಕೊಂಡ ಮೂವರ ಬಗ್ಗೆ ದುಃಖದ ಸಂಗೀತ ಹಾಕುವುದು ಬೇಡ, ಅವರವರ ಬೆಂಚಿನ ಜೊತೆಗಾರರು ಒಂದೊಂದು ನೆನಪು ಹೇಳಲಿ ಎಂದುಕೊಂಡೆವು.

ಹಾಡು, ಕುಣಿತ ಬೇಕೆನ್ನುವವರ ಆಸೆಯೂ ನ್ಯಾಯವಾದದ್ದೇ. ನಮ್ಮಲ್ಲಿ ಕೆಲವರಿಗೆ ಅದಿಲ್ಲದೆ ಸಮಾಧಾನವಿಲ್ಲ. ಚಹಾದ ಮೊದಲು ಅರ್ಧ ಗಂಟೆ ಅದಕ್ಕೆ ಮೀಸಲಿಟ್ಟೆವು. ಮೇಜಿನ ಮೇಲೆ ಇಡುವಷ್ಟು ಸಣ್ಣ ಧ್ವನಿಪೆಟ್ಟಿಗೆ, ಮೊಬೈಲಿನಲ್ಲಿ ಕರೋಕೆ. ಕುಣಿಯುವವರು ವರಾಂಡದಲ್ಲಿ, ಮಾತನಾಡುವವರು ಕೋಣೆಯಲ್ಲಿ. ಯಾರಿಗೂ ಕೊರತೆ ಆಗಲಿಲ್ಲ.

ಖರ್ಚಿನ ವಿಚಾರಕ್ಕೆ ಬರುತ್ತೇನೆ. ಆರ್ಕೆಸ್ಟ್ರಾಕ್ಕೆ ಹಿಂದಿನ ಬಾರಿ ಹೋದ ಹಣದ ಒಂದು ಪಾಲು ಈ ಸಲ ಉಳಿಯಿತು. 1957ರಿಂದ ನಡೆಯುತ್ತಿರುವ ಕೇರಳ ಶಾಲಾ ಕಲೋತ್ಸವದಲ್ಲಿ ಇಂದು ಯಕ್ಷಗಾನ ಒಂದು ಸ್ಪರ್ಧೆ. ಕನ್ನಡ ಕಂಠಪಾಠ, ಕನ್ನಡ ಭಾಷಣಗಳೂ ಇವೆ. 2019ರಲ್ಲಿ ರಾಜ್ಯ ಕಲೋತ್ಸವ ಕಾಞಂಗಾಡಿನಲ್ಲೇ ನಡೆದಾಗ ನಮ್ಮ ಜಿಲ್ಲೆಯ ಮನೆಮನೆಯಲ್ಲೂ ಅದರ ಸಂಭ್ರಮವಿತ್ತು. ಯಕ್ಷಗಾನಕ್ಕೆ ಮಕ್ಕಳನ್ನು ತಯಾರು ಮಾಡುವುದು ಅಗ್ಗದ ಕೆಲಸವಲ್ಲ. ಗುರುಗಳ ಸಂಭಾವನೆ, ಹಿಮ್ಮೇಳ, ವೇಷಭೂಷಣದ ಬಾಡಿಗೆ, ಬಣ್ಣದವರ ಖರ್ಚು ಎಲ್ಲವನ್ನೂ ಅಧ್ಯಾಪಕರು ಮತ್ತು ರಕ್ಷಕರು ಅಲ್ಲಿ ಇಲ್ಲಿ ಕೇಳಿ ಹೊಂದಿಸುತ್ತಾರೆ. ಉಳಿದ ಹಣವನ್ನು ನಾವು ನಮ್ಮ ಶಾಲೆಯ ಮಕ್ಕಳ ವೇಷಭೂಷಣದ ಬಾಡಿಗೆಗೆಂದು ಕೊಟ್ಟೆವು. ಮುಂದಿನ ಸಮ್ಮಿಲನದಲ್ಲಿ ಆ ಮಕ್ಕಳೇ ಅರ್ಧ ಗಂಟೆ ಕುಣಿದು ತೋರಿಸುತ್ತಾರೆ ಎಂದು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಸಮ್ಮಿಲನಕ್ಕೆ ಹೊರಗಿನ ಕಲಾವಿದರು ಬೇಕೇ ಬೇಕು ಎನ್ನುವ ಸಮಿತಿಗಳು ಮೊದಲು ತಮ್ಮ ಶಾಲೆಯ ಇಂದಿನ ಮಕ್ಕಳನ್ನು ಕರೆಯಲಿ ಎಂದು ಕೇಳಿಕೊಳ್ಳುತ್ತೇನೆ. ಕನ್ನಡ ವಿಭಾಗಗಳಲ್ಲಿ ಮಕ್ಕಳ ಸಂಖ್ಯೆ ಕಡಿಮೆಯಾಗುತ್ತಿದೆ ಎಂದು ನಾವೆಲ್ಲ ಕೊರಗುತ್ತೇವೆ. ಇರುವ ಮಕ್ಕಳ ಆಟ ನೋಡಲು ಅದೇ ಶಾಲೆಯಲ್ಲಿ ಕಲಿತ ಐವತ್ತು ಮಂದಿ ಹಿರಿಯರು ಬಂದು ಕುಳಿತರೆ ಆ ಮಕ್ಕಳಿಗೆ ಸಿಗುವ ಹುರುಪು ಬೇರೆಯೇ.

ಕೊನೆಯದಾಗಿ ತಮ್ಮಲ್ಲಿ ಒಂದು ಬಿನ್ನಹ. ಸಮ್ಮಿಲನಗಳ ವರದಿಯಲ್ಲಿ ಆ ಕಡೆಯ ಸಾಲನ್ನು ಸ್ವಲ್ಪ ಬಿಡಿಸಿ ಪ್ರಕಟಿಸಬೇಕು. ವರದಿ ಕಳುಹಿಸುವವರಿಗೆ ತಾವು ಸೂಚಿಸಿದರೆ, ಸಹಪಾಠಿಗಳಲ್ಲಿ ಯಾರು ಹಾಡಿದರು, ಯಾವ ಪ್ರಸಂಗಕ್ಕೆ ಅರ್ಥ ಹೇಳಿದರು, ಯಾವ ಆಟ ಆಡಿದರು ಎಂಬುದನ್ನು ಅವರು ಎರಡು ವಾಕ್ಯಗಳಲ್ಲಿ ಬರೆಯಬಲ್ಲರು. ವೇದಿಕೆಯಲ್ಲಿ ಕುಳಿತವರ ಪಟ್ಟಿಯಲ್ಲಿ ನಾಲ್ಕು ಹೆಸರು ಕಡಿಮೆಯಾದರೂ ಚಿಂತೆಯಿಲ್ಲ. ಒಂದು ಊರಿನ ವರದಿಯನ್ನು ಓದಿ ಇನ್ನೊಂದು ಊರಿನ ಸಮಿತಿ ತನ್ನ ಕಾರ್ಯಕ್ರಮವನ್ನು ರೂಪಿಸುತ್ತದೆ ಎಂಬುದು ನನ್ನ ಅನುಭವ. ನಾವು ಸಹ ಮೊದಲ ಬಾರಿ ಆರ್ಕೆಸ್ಟ್ರಾ ಕರೆಸಿದ್ದು ಬೇರೊಂದು ಶಾಲೆಯವರು ಕರೆಸಿದ್ದರೆಂದು ಓದಿಯೇ.

ನಮ್ಮ ಮುಂದಿನ ಸಮ್ಮಿಲನಕ್ಕೆ ಇನ್ನೂ ಎರಡು ವರ್ಷವಿದೆ. ಪ್ರಸಂಗವನ್ನು ಈಗಲೇ ತಿಳಿಸಿದರೆ ಓದಿಕೊಳ್ಳಬಹುದಿತ್ತು ಎಂದು ಟೆಂಪೊ ಓಡಿಸುವ ಗೆಳೆಯ ಮೊನ್ನೆ ಫೋನು ಮಾಡಿದ್ದ.

ಇತಿ ತಮ್ಮ ವಿಶ್ವಾಸಿ,
ಓರ್ವ ಹಳೆ ವಿದ್ಯಾರ್ಥಿನಿ
ಬದಿಯಡ್ಕ, ಕಾಸರಗೋಡು ಜಿಲ್ಲೆ